ಶಾಲೆ ಬಂದೊಡನೆ ಮಾತು ಅಡಗುವ ಹುಡುಗ

ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದರೆ ಉಡುಪಿಯ ಮಕ್ಕಳು ಕುಣಿಯುತ್ತಾರೆ. ಎರಡನೇ ತರಗತಿಯ ನನ್ನ ಮಗ ಮಾತ್ರ ದೊಡ್ಡ ಗಂಡಾಂತರವೊಂದು ತಪ್ಪಿತೆಂಬಂತೆ ನಿಟ್ಟುಸಿರು ಬಿಡುತ್ತಾನೆ. ಮನೆಯಲ್ಲಿ ಅಜ್ಜಿಯ ಕಿವಿ ತೂತಾಗುವಷ್ಟು ಮಾತನಾಡುವ ಅವನು ತರಗತಿಯಲ್ಲಿ ಹಾಜರಿ ಕರೆದಾಗಲೂ ಬಾಯಿ ಬಿಡದೆ ಕೈಯನ್ನಷ್ಟೇ ಎತ್ತುತ್ತಾನಂತೆ. ಅವನಿಗೆ ಓದಿ ಹೇಳಲೆಂದು ತಂದದ್ದು ಲೆನೋರ್ ಲುಕ್ ಅವರ ‘ಆಲ್ವಿನ್ ಹೋ: ಅಲರ್ಜಿಕ್ ಟು ಗರ್ಲ್ಸ್, ಸ್ಕೂಲ್, ಅಂಡ್ ಅದರ್ ಸ್ಕೇರಿ ಥಿಂಗ್ಸ್’ ಎಂಬ ಇಂಗ್ಲಿಷ್ ಪುಸ್ತಕ. 2008ರಲ್ಲಿ ಪ್ರಕಟವಾದ ಇದು ಆಲ್ವಿನ್ ಮಾಲಿಕೆಯ ಮೊದಲ ಕೃತಿ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ಆಲ್ವಿನ್ ಕೂಡ ಎರಡನೇ ತರಗತಿಯವನೇ. ಮನೆಯಲ್ಲಿ ಪಟಾಕಿವೀರನಾಗಿ ಮೆರೆಯುವ, ಶಾಲಾ ಬಸ್ಸಿನಲ್ಲೂ ಗದ್ದಲವೆಬ್ಬಿಸುವ ಈ ಹುಡುಗನ ಧ್ವನಿ ಶಾಲೆ ತಲುಪಿದೊಡನೆ ಅಡಗಿಹೋಗುತ್ತದೆ. ಆಪತ್ಕಾಲಕ್ಕೆಂದು ಅವನು ಕೂಡಿಟ್ಟ ಸಾಮಗ್ರಿಗಳಲ್ಲಿ ಸೀಟಿಯೂ ಇದೆ, ಬೆಳ್ಳುಳ್ಳಿಯೂ ಇದೆ. ಬೆಳ್ಳುಳ್ಳಿ ಹೊಸ್ತಿಲು ದಾಟದ ನಮ್ಮ ಮನೆಯಲ್ಲಿ ಅದರ ಬದಲಿಗೆ ಏನನ್ನು ಇಟ್ಟುಕೊಳ್ಳಬಹುದೆಂದು ಮಗ ಗಂಭೀರವಾಗಿ ವಿಚಾರಿಸಿದ. ಇಂಗಿನ ಡಬ್ಬಿ ಸಾಕು ಎಂದರು ಅಜ್ಜಿ.

ಆಲ್ವಿನ್‌ನ ತಂದೆ ಸಿಟ್ಟು ಬಂದಾಗ ಬಳಸುವುದು ಶೇಕ್ಸ್‌ಪಿಯರನ ಕಾಲದ ಬೈಗುಳಗಳನ್ನು. ಅವನ್ನು ಕಲಿತ ಮಗ, ತನ್ನ ಭಯ ಬಿಡಿಸಬೇಕಾದ ಮನೋಚಿಕಿತ್ಸಕರ ಮೇಲೆಯೇ ಪ್ರಯೋಗಿಸುತ್ತಾನೆ. ಕನ್ನಡದಲ್ಲಿ ಹೇಳುವಾಗ ಅವುಗಳಿಗೆ ಸಾಟಿಯಾದದ್ದು ನನಗೆ ಯಕ್ಷಗಾನದ ಅರ್ಥಗಾರಿಕೆಯಲ್ಲಿ ಸಿಕ್ಕಿತು. ‘ಫಡ! ಎಲವೋ ಮೂಢಾ’ ಎಂದು ನಾನು ಆರಂಭಿಸಿದ್ದೇ ತಡ, ಮಗ ಮಂಚವನ್ನೇ ರಂಗಸ್ಥಳ ಮಾಡಿಕೊಂಡ.

ಇಲ್ಲಿಯ ನಗು ಅಂಜುವ ಮಗುವನ್ನು ಗೇಲಿ ಮಾಡಿ ಹುಟ್ಟಿಸಿದ್ದಲ್ಲ, ಆಲ್ವಿನ್ ತನ್ನ ಭಯಗಳಿಗೆ ಕೊಡುವ ಅಚ್ಚುಕಟ್ಟಾದ ತರ್ಕದಿಂದಲೇ ಹುಟ್ಟಿದ್ದು. ಹಿರಿಯರ ಉಪದೇಶ ಕೇಳಿ ಅವನು ಒಂದೇ ದಿನಕ್ಕೆ ಧೀರನಾಗುವುದೂ ಇಲ್ಲ. ಆದರೆ ಅಧ್ಯಾಯಗಳ ನಡುವಿನ ಎಳೆ ಸಡಿಲವಾಗಿದೆ, ಕಾಂಕರ್ಡಿನ ಚರಿತ್ರೆಯ ಉಲ್ಲೇಖಗಳನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ, ತರಗತಿಯಲ್ಲಿ ಆಲ್ವಿನ್‌ನ ಪಕ್ಕದಲ್ಲಿ ಕೂರುವ ಫ್ಲೀ ಎಂಬ ಸಹಪಾಠಿ ಹುಡುಗಿಯಾಗಿರುವುದನ್ನೇ ಹಾಸ್ಯವಾಗಿ ಎಳೆದದ್ದು ನನಗೆ ಹಿಡಿಸಲಿಲ್ಲ. ಲೆಉಯೆನ್ ಫಾಮ್ ಅವರ ಚಿತ್ರಗಳು ಚುರುಕಾಗಿವೆ. ಕೊನೆಯ ಪದಕೋಶವನ್ನು ಬಿಟ್ಟು ಮುಚ್ಚಬೇಡಿ. ನಮ್ಮ ಮನೆಯಲ್ಲಿ ಅದನ್ನು ಎರಡು ಬಾರಿ ಓದಬೇಕಾಯಿತು.