ಚೌಕಿಯ ಒಂದು ಬಲ್ಬು, ಮೂರು ಲೆನ್ಸ್: 50ರ 1.8, 50ರ 1.2, 85ರ 1.8

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣದ ವೇಷದವರು (ರಾಕ್ಷಸ ಪಾತ್ರಧಾರಿಗಳು) ಮುಖಕ್ಕೆ ಚಿಟ್ಟಿ ಇಡಲು ಕೂತರೆ ಗಂಟೆಗಟ್ಟಲೆ ಏಳುವುದಿಲ್ಲ. ಅಕ್ಕಿಹಿಟ್ಟು, ಸುಣ್ಣ ಕಲಸಿ, ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಮುಳ್ಳು ಮುಳ್ಳಾಗಿ ಎಬ್ಬಿಸುತ್ತಾರೆ. ತಲೆಯ ಮೇಲೊಂದು ಬಲ್ಬು, ಎದುರಿಗೊಂದು ಕನ್ನಡಿ. ಮೇಳಗಳು ಊರೂರು ಸುತ್ತಿ ಆಟ ಆಡುವ ಕಳೆದ ತಿರುಗಾಟದಲ್ಲಿ, ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಚೌಕಿಗಳ ಮೂಲೆಯಲ್ಲಿ ಕೂತು ಮೂರು ಲೆನ್ಸ್‌ಗಳನ್ನು ಬೆಳಕಿನ ಕಿಂಡಿ ಪೂರ್ತಿ ತೆರೆದೇ ಬಳಸಿದೆ (ಎಫ್ ಸಂಖ್ಯೆ ಚಿಕ್ಕದಾದಷ್ಟು ಬೆಳಕು ಹೆಚ್ಚು): ನನ್ನ ಹಳೆಯ 50 ಎಂಎಂ ಎಫ್ 1.8, ಬಾಡಿಗೆಗೆ ತಂದ 50 ಎಂಎಂ ಎಫ್ 1.2, ಗೆಳೆಯನಿಂದ ಕೇಳಿ ಪಡೆದ 85 ಎಂಎಂ ಎಫ್ 1.8. ಕ್ಯಾಮೆರಾ ಒಂದೇ, ಫುಲ್ ಫ್ರೇಮ್ ಮಿರರ್‌ಲೆಸ್.

ಮೊದಲು ಬೆಳಕು. 1.8ಕ್ಕಿಂತ 1.2 ಎರಡೂಕಾಲು ಪಟ್ಟು ಬೆಳಕು ಒಳಗೆ ಬಿಡುತ್ತದೆ. 1/160 ಸೆಕೆಂಡಿನ ಶಟರಿಗೆ 1.8ರಲ್ಲಿ ಸೆನ್ಸರಿನ ಸಂವೇದನೆ, ಅಂದರೆ ಐಎಸ್‌ಒ 6400 ಬೇಕಾದ ಕಡೆ 1.2ಕ್ಕೆ 3200ರೊಳಗೇ ಸಾಕಾಯಿತು. ಕಾಡಿಗೆಯ ಕಪ್ಪು ಇಂಗಳೀಕದ ಕೆಂಪಿಗೆ ತಾಗುವ ಜಾಗವನ್ನು ದೊಡ್ಡದು ಮಾಡಿ ನೋಡಿದೆ. 6400ರಲ್ಲಿ ಅಲ್ಲಿ ಮರಳು ಚೆಲ್ಲಿದ ಹಾಗಿತ್ತು; 3200ರಲ್ಲಿ ಬಣ್ಣ ಬಳಿದ ಬೆರಳಿನ ಗೆರೆಯೂ ಉಳಿದಿತ್ತು. ಈ ಒಂದು ವಿಷಯದಲ್ಲಿ 1.2ಕ್ಕೆ ಎದುರಾಳಿಯೇ ಇಲ್ಲ.

ಆದರೆ ಮೊದಲ ರಾತ್ರಿ 1.2ರಲ್ಲಿ ತೆಗೆದ ನಲವತ್ತು ಚಿತ್ರಗಳಲ್ಲಿ ಕಣ್ಣು ಶಾರ್ಪ್ ಆಗಿ ಸಿಕ್ಕಿದ್ದು ಹನ್ನೊಂದರಲ್ಲಿ ಮಾತ್ರ. ಒಂದು ಮೀಟರ್ ದೂರದಿಂದ ತೆಗೆದರೆ 50ರ 1.2ರಲ್ಲಿ ಸ್ಪಷ್ಟವಾಗಿ ಸಿಗುವ ಆಳ ಸುಮಾರು 2.7 ಸೆಂಟಿಮೀಟರ್, 1.8ರಲ್ಲಿ 4 ಸೆಂಟಿಮೀಟರ್. ಉಸಿರಾಡಿದರೆ ಸಾಕು, ನಾನೂ ಕಲಾವಿದರೂ ಸೇರಿ ಅಷ್ಟು ದೂರ ಅಲ್ಲಾಡಿಬಿಡುತ್ತೇವೆ. ಸಾಲದ್ದಕ್ಕೆ ಚಿಟ್ಟಿಯ ಮುಳ್ಳುಗಳು ಕಣ್ಣಿಗಿಂತ ಮುಂದೆ ಚಾಚಿರುತ್ತವೆ. ಬಣ್ಣ ತುಂಬಿದ ಆ ಮುಖವನ್ನು ಕ್ಯಾಮೆರಾ ಮುಖವೆಂದೇ ಗುರುತಿಸದೆ, ಬೆಳ್ಳಗೆ ಹೊಳೆಯುವ ಮುಳ್ಳಿಗೆ ಫೋಕಸ್ ಹಿಡಿದು ಕೂರುತ್ತಿತ್ತು.

ಇನ್ನೊಂದು ತಪ್ಪು ನನ್ನದೇ. ನಡುವಿನ ಪಾಯಿಂಟಿನಲ್ಲಿ ಫೋಕಸ್ ಹಿಡಿದು ಆಮೇಲೆ ಫ್ರೇಮ್ ತಿರುಗಿಸುವುದು ವರ್ಷಗಳಿಂದ ಕೈಗೆ ಹತ್ತಿದ ಅಭ್ಯಾಸ. ಒಂದು ಮೀಟರ್ ದೂರದಲ್ಲಿ ಕ್ಯಾಮೆರಾವನ್ನು 15 ಡಿಗ್ರಿ ತಿರುಗಿಸಿದರೆ ಫೋಕಸ್ ಸುಮಾರು 3.4 ಸೆಂಟಿಮೀಟರ್ ಹಿಂದೆ, ಕಿವಿಯ ಕಡೆ ಹೋಗಿಬಿಡುತ್ತದೆ. 1.8ರಲ್ಲೂ ಇದು ತಪ್ಪೇ, ಚಿಕ್ಕ ಪರದೆಯಲ್ಲಿ ಹೇಗೋ ಕಣ್ಣು ತಪ್ಪಿಸುತ್ತದೆ. 1.2 ಮುಚ್ಚಿಡಲಿಲ್ಲ. ಎರಡನೇ ರಾತ್ರಿಯಿಂದ ಚಿಕ್ಕ ಪಾಯಿಂಟನ್ನು ನೇರವಾಗಿ ಕಣ್ಣಿನ ಮೇಲೇ ಇಟ್ಟು, ಕಂಟಿನ್ಯುಯಸ್ ಫೋಕಸ್‌ನಲ್ಲಿ ಮೂರು ಮೂರು ಚಿತ್ರ ಒಟ್ಟಿಗೆ ತೆಗೆದೆ. ಕಡ್ಡಿ ಹಿಡಿದ ಕೈ, ಕಣ್ಣು ಎರಡೂ ಬೇಕೆಂದಾಗ ಅವೆರಡೂ ನನ್ನಿಂದ ಒಂದೇ ದೂರದಲ್ಲಿ ಬರುವವರೆಗೆ ಕೂತಲ್ಲೇ ಪಕ್ಕಕ್ಕೆ ಸರಿದೆ.

ಕನ್ನಡಿಯಲ್ಲಿನ ಮುಖ ತೆಗೆಯುವವರಿಗೆ ಒಂದು ಮಾತು. ಪ್ರತಿಬಿಂಬ ಕನ್ನಡಿಯ ಮೇಲೆ ಕೂತಿರುವುದಿಲ್ಲ. ಮುಖ ಕನ್ನಡಿಯಿಂದ ಎಷ್ಟು ದೂರವೋ ಅಷ್ಟೇ ಒಳಗಿರುತ್ತದೆ. ಲೆನ್ಸ್ ಪೂರ್ತಿ ತೆರೆದಾಗ ಕನ್ನಡಿಯ ಅಂಚಿನ ತುಕ್ಕು ಬೇಕೋ ಕಣ್ಣು ಬೇಕೋ, ಒಂದನ್ನೇ ಆರಿಸಬೇಕು.

50ರ 1.8ರಲ್ಲಿ ನನಗೆ ಸರಿಬೀಳದ್ದು ಒಂದೇ. ಫೋಕಸ್‌ಗಿಂತ ಮುಂದಿರುವ ಬಿಳಿ ಮುಳ್ಳುಗಳ ಅಂಚಿಗೆ ನೇರಳೆ, ಹಿಂದಿರುವವಕ್ಕೆ ಹಸಿರು ಛಾಯೆ ಬಂತು. ಕಿಂಡಿಯನ್ನು ಎಫ್ 2.8ಕ್ಕೆ ಕಿರಿದಾಗಿಸಿದರೆ ಹೆಚ್ಚುಕಡಿಮೆ ಮಾಯ, ಆದರೆ ಚೌಕಿಯಲ್ಲಿ ಅಷ್ಟು ಬೆಳಕೆಲ್ಲಿ? 1.2ರಲ್ಲಿ ಆ ಛಾಯೆ ಹುಡುಕಿದರೆ ಮಾತ್ರ ಕಾಣುತ್ತದೆ. ತೂಕದ ಲೆಕ್ಕ ಉಲ್ಟಾ: 1.8ರದ್ದು 160 ಗ್ರಾಂ, 1.2ರದ್ದು 950. ರಾತ್ರಿ ಎರಡರ ಹೊತ್ತಿಗೆ ಮಣಿಕಟ್ಟು ನೋಯತೊಡಗಿತ್ತು.

85ರ 1.8 ನನ್ನ ಎಣಿಕೆಯನ್ನೇ ಬದಲಿಸಿತು. ಹಿನ್ನೆಲೆ ಕರಗಿಸಲು 1.2ನ್ನು ಮೀರಿಸಿದ್ದಿಲ್ಲ ಎಂದುಕೊಂಡಿದ್ದೆ. 50ನ್ನು 1.2ರಿಂದ ಭಾಗಿಸಿದರೆ ಬೆಳಕು ನುಗ್ಗುವ ಕಿಂಡಿ ಸುಮಾರು 42 ಮಿಲಿಮೀಟರ್, 85ನ್ನು 1.8ರಿಂದ ಭಾಗಿಸಿದರೆ 47. ಮುಖ ಫ್ರೇಮಿನಲ್ಲಿ ಒಂದೇ ಅಳತೆಗೆ ಬರುವಂತೆ ಹಿಂದೆ ಸರಿದು ತೆಗೆದರೆ ದೂರದ ದೀಪಗಳು 85ರಲ್ಲೇ ಹೆಚ್ಚು ದೊಡ್ಡ ಗುಂಡುಗಳಾಗುತ್ತವೆ. ಹಾಗಿದ್ದೂ ಮುಖದ ಮೇಲೆ 4 ಸೆಂಟಿಮೀಟರಿಗೂ ಹೆಚ್ಚು ಆಳ ಸಿಗುತ್ತದೆ. ರಂಗಸ್ಥಳದ ಎದುರು ಕೂತು ತೆಗೆಯುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಚೌಕಿಯಲ್ಲಿ ಮಾತ್ರ ಪ್ರಯೋಜನವಿಲ್ಲ. ಹಿಂದೆ ಸರಿದರೆ ಯಾರದೋ ಕಿರೀಟಕ್ಕೆ ಬೆನ್ನು ತಾಗುತ್ತದೆ.

ಹಗಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಡುಬಿಸಿಲಲ್ಲಿ ಐಎಸ್‌ಒ 100ಕ್ಕೆ 1.8 ಬಳಸಿದರೆ ಶಟರ್ 1/8000ದಲ್ಲಿ ಹೇಗೋ ನಿಭಾಯಿಸುತ್ತದೆ. 1.2ಕ್ಕೆ ಸುಮಾರು 1/18000 ಬೇಕು, ಅಂದರೆ ಅಷ್ಟು ವೇಗದ ಶಟರ್ ಇಲ್ಲದವರಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆ ಆಗದು.

ಪೂರ್ತಿ ತೆರೆದು ತೆಗೆಯುವುದನ್ನು ಈಗಷ್ಟೇ ಕಲಿಯುತ್ತಿದ್ದರೆ 50ರ 1.8 ಕೊಳ್ಳಿ. 1.2 ತೋರಿಸಿಕೊಟ್ಟ ತಪ್ಪುಗಳನ್ನು ತಿದ್ದಿಕೊಂಡ ಮೇಲೆ, ಮೂರನೇ ರಾತ್ರಿ ನನ್ನ 1.8ರಲ್ಲಿ ನಲವತ್ತಕ್ಕೆ ಮೂವತ್ತೊಂದು ಕಣ್ಣು ಸಿಕ್ಕಿತು. ಬಾಡಿಗೆಯ ಲೆನ್ಸನ್ನು ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೊದಲೇ ಹಿಂದಿರುಗಿಸಿದೆ. ಮುಂದಿನ ತಿರುಗಾಟಕ್ಕೆ ಚೀಲದಲ್ಲಿ ಎರಡು 1.8 ಇರುತ್ತವೆ, ಬಣ್ಣದ ವೇಷವಿರುವ ಪ್ರಸಂಗದ ರಾತ್ರಿಗಳಿಗಷ್ಟೇ 1.2ನ್ನು ಮತ್ತೆ ಬಾಡಿಗೆಗೆ ತರುತ್ತೇನೆ.