ಇರಾನ್ ಅಣು ಒಪ್ಪಂದ: ಯಾವ ಸಮೀಕ್ಷೆ ನಂಬಬೇಕು?

2015ರ ಜುಲೈನಲ್ಲಿ ಅಮೆರಿಕ ಮತ್ತಿತರ ದೇಶಗಳು ಇರಾನ್ ಜತೆ ಒಪ್ಪಂದಕ್ಕೆ ಬಂದವು: ಇರಾನ್ ತನ್ನ ಅಣು ಕಾರ್ಯಕ್ರಮಕ್ಕೆ ಮಿತಿ ಹಾಕಿಕೊಳ್ಳಬೇಕು, ಪ್ರತಿಯಾಗಿ ಅದರ ಮೇಲಿನ ಆರ್ಥಿಕ ನಿರ್ಬಂಧ ತೆರವು. ಅದರ ಬಗ್ಗೆ ಅದೇ ತಿಂಗಳು ಅಮೆರಿಕದ ಎರಡು ಸಮೀಕ್ಷೆಗಳು ತದ್ವಿರುದ್ಧ ಉತ್ತರ ಕೊಟ್ಟವು. ಎಬಿಸಿ ಟಿವಿ ಮತ್ತು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಜಂಟಿ ಸಮೀಕ್ಷೆಯಲ್ಲಿ ಒಪ್ಪಂದದ ಪರ ಶೇ 56, ವಿರೋಧ ಶೇ 37. ಪ್ಯೂ ಎಂಬ ಸಂಶೋಧನಾ ಸಂಸ್ಥೆಯದರಲ್ಲಿ ಪರ ಶೇ 38, ವಿರೋಧ ಶೇ 48. ಇಷ್ಟು ಅಂತರ ಮಾದರಿ ದೋಷದಿಂದ, ಅಂದರೆ ಎಲ್ಲರ ಬದಲು ಕೆಲವರನ್ನಷ್ಟೇ ಕೇಳುವುದರಿಂದಾಗುವ ಏರುಪೇರಿನಿಂದ, ಬರುವುದಿಲ್ಲ. ಸಾವಿರ ಜನರ ಮಾದರಿಗೆ ಅದು ಹೆಚ್ಚು ಕಡಿಮೆ ಸುಮಾರು 3 ಶೇಕಡಾ ಅಂಶ ಮಾತ್ರ.

ವ್ಯತ್ಯಾಸ ಇದ್ದದ್ದು ಪ್ರಶ್ನೆಯಲ್ಲಿ. ಮೊದಲನೆಯದು ಎಲ್ಲರಿಗೂ ವಿವರ ಹೇಳಿ ಕೇಳಿತು: ನಿರ್ಬಂಧ ತೆರವು, ಅಂತರರಾಷ್ಟ್ರೀಯ ತಪಾಸಣೆ, ಇರಾನ್ ಮಾತು ಮುರಿದರೆ ಮತ್ತೆ ನಿರ್ಬಂಧ. ಪ್ಯೂ ವಿವರ ಕೊಡಲಿಲ್ಲ. ಅದರ ಅಂಕಿ ಒಪ್ಪಂದದ ಸುದ್ದಿ ಕೇಳಿದ್ದವರದು ಮಾತ್ರ.

ಷರತ್ತುಗಳನ್ನು ಜನ ಒಪ್ಪುತ್ತಾರೆಯೇ ಎಂದು ತಿಳಿಯಲು ಮೊದಲನೆಯದನ್ನು ಹಿಡಿಯಿರಿ. ರಾಜಕೀಯ ಗಾಳಿ ಅಳೆಯಲು ಪ್ಯೂ ವಾಸಿ. ಶೀರ್ಷಿಕೆಯಷ್ಟೇ ಓದಿ ‘ಜನಾಭಿಪ್ರಾಯ’ ಎಂದು ವಾದಕ್ಕಿಳಿಯುವುದು ದೊಡ್ಡ ತಪ್ಪು. ಮೊದಲು ಪ್ರಶ್ನೆಯ ಪೂರ್ಣ ಪಠ್ಯ ಓದಿ.