ಎಂಟು ವರ್ಷ ಗೂಗಲ್ ವರ್ಕ್‌ಸ್ಪೇಸ್ ಬಳಸಿದ ಮೇಲೆ: ಫೈಲ್ ಯಾರ ಹೆಸರಲ್ಲಿದೆ ಅಂತ ಮೊದಲು ನೋಡಿ

ನಾನು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ, ಜೊತೆಗೆ ಒಂದು ಲ್ಯಾಬ್ ನೋಡಿಕೊಳ್ಳುತ್ತೇನೆ. ಮೇಲ್, ಬರಹ, ಲೆಕ್ಕ, ಫೈಲ್ ಎಲ್ಲ ಒಂದೇ ಕಡೆ ಸಿಗುವ ಗೂಗಲ್‌ನ ಈ ಸೇವೆ ನಮ್ಮ ಕ್ಯಾಂಪಸ್‌ಗೆ ಬಂದಾಗ ಹೆಸರು ಜಿ ಸೂಟ್ ಅಂತಿತ್ತು. 2021ರಲ್ಲಿ ವರ್ಕ್‌ಸ್ಪೇಸ್ ಫಾರ್ ಎಜುಕೇಶನ್ ಆಯಿತು. ಹೆಸರು ಬದಲಾದರೂ ನಾನು ದಿನವಿಡೀ ಇರುವುದು ಬರಹದ ಡಾಕ್ಸ್, ಲೆಕ್ಕದ ಶೀಟ್ಸ್, ಫೈಲ್ ಇಡುವ ಡ್ರೈವ್ ಮೂರರಲ್ಲೇ.

ತುಂಬಾ ಇಷ್ಟವಾಗಿದ್ದು ರಿಪೋರ್ಟ್ ತಿದ್ದುವ ಕೆಲಸ. ಮುಂಚೆ ನಾಲ್ಕು ಜನರ ತಂಡ ಮೇಲ್‌ನಲ್ಲಿ ನಾಲ್ಕು ಪ್ರತಿ ಕಳಿಸುತ್ತಿತ್ತು, ನಾನು ತಿದ್ದಿದ್ದು ಒಂದನ್ನು, ಅವರು ಮುಂದುವರಿಸಿದ್ದು ಇನ್ನೊಂದನ್ನು. ಈಗ ಎಲ್ಲರಿಗೂ ಒಂದೇ ಡಾಕ್. ಸಜೆಸ್ಟಿಂಗ್ ಮೋಡ್‌ನಲ್ಲಿ ತಿದ್ದಿದರೆ ಹಳೆಯ ಮಾತಿನ ಮೇಲೆ ಗೆರೆ ಬೀಳುತ್ತದೆ, ಹೊಸದು ಪಕ್ಕದಲ್ಲೇ ಬಣ್ಣದಲ್ಲಿ ಕಾಣುತ್ತದೆ, ಒಪ್ಪುವುದು ಬಿಡುವುದು ವಿದ್ಯಾರ್ಥಿಗೆ ಬಿಟ್ಟಿದ್ದು. ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗಿಯೊಬ್ಬಳು ಇಡೀ ಫಲಿತಾಂಶದ ಅಧ್ಯಾಯ ಬರೆದಿದ್ದಳು. ನನಗೆ ಅದು ಗೊತ್ತಾಗಿದ್ದು ಯಾರು ಯಾವಾಗ ಏನು ಬದಲಿಸಿದರು ಅಂತ ತೋರಿಸುವ ವರ್ಷನ್ ಹಿಸ್ಟರಿ ತೆಗೆದು ನೋಡಿದಾಗ. ಹಾಗಂತ ಅದನ್ನೇ ಅಂಕದ ಅಳತೆ ಮಾಡಿಕೊಳ್ಳಬೇಡಿ. ಒಬ್ಬರು ಯೋಚಿಸಿ ಹೇಳಿದ್ದನ್ನು ಇನ್ನೊಬ್ಬರು ಟೈಪ್ ಮಾಡುವುದೂ ಇದೆ ಅಲ್ವಾ.

ಈಗ ನೋವಾದ ಸಂಗತಿ. ಲ್ಯಾಬಿನ ಉಪಕರಣಗಳ ಲಾಗ್ ಒಂದು ಶೀಟ್‌ನಲ್ಲಿತ್ತು. ಯಾವ ದಿನ ಯಾರು ಬಳಸಿದರು, ರೀಡಿಂಗ್ ಎಷ್ಟು ತಪ್ಪಿತ್ತು, ಯಾವಾಗ ರಿಪೇರಿ ಆಯಿತು, ಮೂರು ವರ್ಷದ್ದು. ಶುರು ಮಾಡಿದ್ದು ಒಬ್ಬ ಪಿಎಚ್‌ಡಿ ವಿದ್ಯಾರ್ಥಿ, ಅವನ ಮೈ ಡ್ರೈವ್‌ನಲ್ಲಿ. ಅವನು ಮುಗಿಸಿ ಹೋದ, ರಜೆಯಲ್ಲಿ ವಿಶ್ವವಿದ್ಯಾಲಯ ಹಳೆಯ ಅಕೌಂಟ್‌ಗಳನ್ನೆಲ್ಲ ಅಳಿಸಿತು, ಅವನ ಅಕೌಂಟ್ ಜೊತೆ ಆ ಶೀಟೂ ಹೋಯಿತು, ನಮಗೆ ಯಾರೂ ಒಂದು ಮಾತು ಹೇಳಲಿಲ್ಲ. ಅಳಿಸಿದ ಅಕೌಂಟನ್ನು ಅಡ್ಮಿನ್ ವಾಪಸ್ ತರಲು 20 ದಿನ ಮಾತ್ರ ಅವಕಾಶ. ನಾವು ಬಾಗಿಲು ತೆಗೆದಾಗ ಅದು ದಾಟಿತ್ತು. ಹುಡುಗರು ಹಳೆಯ ನೋಟ್‌ಬುಕ್‌ಗಳಿಂದ ಸಿಕ್ಕಷ್ಟು ಮತ್ತೆ ತುಂಬಿದರು, ಅರ್ಧವೂ ಸಿಗಲಿಲ್ಲ.

ಮೈ ಡ್ರೈವ್‌ನ ಫೈಲ್ ಮಾಡಿದವರ ಹೆಸರಲ್ಲಿರುತ್ತದೆ. ಶೇರ್ಡ್ ಡ್ರೈವ್‌ನದ್ದು ಸಂಸ್ಥೆಯದ್ದು, ಜನ ಹೋದರೂ ಫೈಲ್ ಉಳಿಯುತ್ತದೆ. ಈಗ ಲ್ಯಾಬಿನದ್ದೆಲ್ಲ ಅಲ್ಲೇ ಇಟ್ಟಿದ್ದೇವೆ. ವಿದ್ಯಾರ್ಥಿಗಳಿಗೆ ಕಾಂಟ್ರಿಬ್ಯೂಟರ್ ಹಕ್ಕು ಕೊಟ್ಟಿದ್ದೇವೆ. ಅವರು ಫೈಲ್ ಸೇರಿಸಬಹುದು, ಬದಲಿಸಬಹುದು, ಅಳಿಸಲು ಆಗುವುದಿಲ್ಲ. ತಪ್ಪಿ ಡಿಲೀಟ್ ಆಗುವ ಭಯ ಹೋಯಿತು.

ಫೈಲ್ ಇಡುವ ಜಾಗ ಮೊದಲಿನಷ್ಟು ಧಾರಾಳವಿಲ್ಲ. ಮುಂಚೆ ಮಿತಿಯೇ ಇರಲಿಲ್ಲ, 2022ರಿಂದ ಇಡೀ ಸಂಸ್ಥೆಗೆ ಸೇರಿ 100 ಟೆರಾಬೈಟ್‌ನಿಂದ ಶುರು. ಪಾಠದ ವಿಡಿಯೋ ಜಾಸ್ತಿ ಇಡುವ ವಿಭಾಗಗಳಿಗೆ ಇದು ತಟ್ಟುತ್ತದೆ, ನಮ್ಮ ಬರಹ, ಲೆಕ್ಕಕ್ಕೆ ಏನೂ ಅನಿಸಿಲ್ಲ. ಗೂಗಲ್‌ನ ಚಾಟ್ ಮಾತ್ರ ನಮ್ಮಲ್ಲಿ ಹತ್ತಲಿಲ್ಲ, ಹುಡುಗರು ಫೋನಿನ ಗ್ರೂಪ್‌ಗಳಲ್ಲೇ ಇದ್ದಾರೆ, ಒತ್ತಾಯ ಮಾಡುವುದನ್ನು ಬಿಟ್ಟೆ. ಮುಖ್ಯವಾದ ಸೂಚನೆ ಕ್ಲಾಸಿನ ಗ್ರೂಪ್ ಮೇಲ್ ವಿಳಾಸಕ್ಕೇ ಹೋಗುತ್ತದೆ. ಮಧ್ಯದಲ್ಲಿ ಸೇರಿದವರಿಗೆ ಹಳೆಯ ಸೂಚನೆಗಳೂ ಅಲ್ಲೇ ಓದಲು ಸಿಗುವ ಹಾಗೆ ಮಾಡಿಸಿದ್ದೇವೆ.

ಕೊನೆಯ ಸೆಮಿಸ್ಟರ್‌ನಲ್ಲಿ ಈಗ ಒಂದು ತಾಸು ಇದಕ್ಕೇ ಮೀಸಲು. ಎಲ್ಲರೂ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ, ತಮ್ಮದನ್ನು ಟೇಕ್‌ಔಟ್ ಅನ್ನುವ ಗೂಗಲ್‌ನ ಡೌನ್‌ಲೋಡ್ ಸೌಲಭ್ಯದಿಂದ ಇಳಿಸಿಕೊಳ್ಳುತ್ತಾರೆ, ಲ್ಯಾಬಿನದ್ದನ್ನು ಶೇರ್ಡ್ ಡ್ರೈವ್‌ಗೆ ಸೇರಿಸುತ್ತಾರೆ, ನಾನು ಪಟ್ಟಿ ಹಿಡಿದು ಒಂದೊಂದೇ ಹೆಸರಿಗೆ ಟಿಕ್ ಹಾಕುತ್ತೇನೆ.